ಶಾಲೆ, ಠಾಣೆ, ರೋಗಿಯ ಹಾಸಿಗೆ: ರೋಬಾಟ್‌ಗೆ ಎಷ್ಟು ಜಾಗ ಕೊಡಬೇಕು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಯಜಮಾನರು ಹೆಡ್ ಕಾನ್‌ಸ್ಟೇಬಲ್. ಅತ್ತೆಗೆ ಪಾರ್ಶ್ವವಾಯು ಆಗಿ ಎಡಗಡೆ ಸ್ವಾಧೀನ ಇಲ್ಲ. ಹಗಲು ಒಬ್ಬ ಹೆಂಗಸು ಬಂದು ನೋಡಿಕೊಳ್ಳುತ್ತಾರೆ, ಉಳಿದ ಹೊತ್ತೆಲ್ಲ ನಾನೇ. ಪಿಯುಸಿ ಓದುತ್ತಿರುವ ಮಗ ಮೊನ್ನೆ ಹೇಳಿದ: "ಅಮ್ಮಾ, ನಿನ್ನ ಕೆಲಸ, ಅಪ್ಪನ ಕೆಲಸ, ಅಜ್ಜೀನ ನೋಡ್ಕೊಳ್ಳೋ ಕೆಲಸ, ಮೂರನ್ನೂ ರೋಬಾಟ್‌ಗೆ ಕೊಡಬೇಕು. ಅದು ಲಂಚ ಕೇಳಲ್ಲ, ಮಕ್ಕಳಿಗೆ ಹೊಡೆಯಲ್ಲ, ಅದಕ್ಕೆ ರಾತ್ರಿ ನಿದ್ದೆ ಬೇಕಾಗಲ್ಲ." ಏನು ಹೇಳಬೇಕೋ ನನಗೆ ತೋಚಲಿಲ್ಲ. ಅವನ ಮಾತಿನಲ್ಲಿ ನಿಜ ಎಷ್ಟು? ಅತ್ತೆಗೋಸ್ಕರ ಅಂಥದ್ದೇನಾದರೂ ಮನೆಗೆ ತರಿಸಬಹುದಾ? (ಹೆಸರು ಬೇಡ)

ಉತ್ತರ: ಮಗನ ಮಾತನ್ನು ತಳ್ಳಿಹಾಕಬೇಡಿ ಟೀಚರ್. ಅವನು ಕೊಟ್ಟ ಮೂರು ಕಾರಣವೂ ನಿಜ. ಲಂಚ ಇದೆ. ಮಕ್ಕಳಿಗೆ ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದರೂ ಹೊಡೆತ ಪೂರ್ತಿ ನಿಂತಿಲ್ಲ. ನಿಮಗೆ ರಾತ್ರಿ ನಿದ್ದೆ ಇಲ್ಲ. ಇಷ್ಟನ್ನೂ ನೋಡುತ್ತಾ ಬೆಳೆದ ಹುಡುಗನಿಗೆ 'ಯಂತ್ರಕ್ಕೆ ಹೃದಯ ಇಲ್ಲ ಕಣೋ' ಅಂದರೆ ಉತ್ತರ ಆಗುವುದಿಲ್ಲ. ಹೃದಯ ಇರುವವರು ಮಾಡಿದ್ದನ್ನು ನೋಡಿಯೇ ಅವನು ಹಾಗೆ ಹೇಳುತ್ತಿದ್ದಾನೆ.

ನಾನು ರೋಬಾಟಿಕ್ಸ್ ಕಲಿಸುವ ಕೆಲಸದಲ್ಲಿದ್ದೇನೆ. ಯಂತ್ರಗಳೆಂದರೆ ನನಗೆ ಪ್ರೀತಿ. ಆದರೂ ನಿಮ್ಮ ಮನೆಯ ಈ ಮೂರು ಕೆಲಸಗಳನ್ನು ರೋಬಾಟ್ ಕೈಗೆ ಬಿಟ್ಟುಕೊಡಬಾರದು ಅಂತಲೇ ಹೇಳುತ್ತೇನೆ. ಯಂತ್ರ ಇವತ್ತು ಎಷ್ಟು ಜಾಣ, ನಾಳೆ ಎಷ್ಟು ಜಾಣ ಆಗುತ್ತದೆ ಅನ್ನುವುದರ ಮೇಲೆ ನನ್ನ ಉತ್ತರ ನಿಂತಿಲ್ಲ. ಮೂರು ಕೆಲಸದಲ್ಲೂ ಒಬ್ಬರು ಇನ್ನೊಬ್ಬರ ಕೈಯಲ್ಲಿ ಇರುತ್ತಾರೆ. ಹಾಸಿಗೆ ಹಿಡಿದ ಅತ್ತೆ, ಒಂದನೇ ಕ್ಲಾಸಿನ ಮಗು, ಠಾಣೆಯಲ್ಲಿ ಕೂತ ಆರೋಪಿ. ಅವರು ಎದ್ದು ಹೋಗುವ ಹಾಗಿಲ್ಲ. ನೀವು ಬೇಡ, ಬೇರೆಯವರು ಬನ್ನಿ ಅನ್ನುವ ಹಾಗೂ ಇಲ್ಲ. ಹೀಗಿರುವಾಗ ಏನಾದರೂ ತಪ್ಪಾದರೆ 'ಯಾಕೆ ಹೀಗೆ ಮಾಡಿದಿರಿ' ಅಂತ ಕೇಳಲು ಎದುರಿಗೆ ಒಬ್ಬ ಮನುಷ್ಯ ಇರಲೇಬೇಕು. ಆ ಮನುಷ್ಯನನ್ನು ತೆಗೆಯಬಾರದು. ಅವರ ಮೇಲಿರುವ ಭಾರವನ್ನು ಮಾತ್ರ ತೆಗೆಯಬೇಕು, ಈಗ ತೆಗೆಯುತ್ತಿರುವುದಕ್ಕಿಂತ ಬೇಗ ತೆಗೆಯಬೇಕು.

ಅತ್ತೆಯವರ ವಿಷಯದಿಂದಲೇ ಶುರು ಮಾಡುತ್ತೇನೆ. ಇದರಲ್ಲಿ ತುಂಬ ಅನುಭವ ಇರುವ ದೇಶ ಜಪಾನ್. ಅಲ್ಲಿ ನೂರಕ್ಕೆ ಸುಮಾರು 29 ಜನ 65 ವರ್ಷ ದಾಟಿದವರು. ವಯಸ್ಸಾದವರ ಆರೈಕೆಗೆಂದೇ 2000ದಿಂದ ಕಡ್ಡಾಯ ವಿಮೆ ಇದೆ. ಆರೈಕೆ ಮಾಡುವ ಕೈಗಳು ಸಾಲುವುದಿಲ್ಲ ಅಂತ ಅಲ್ಲಿನ ಸರ್ಕಾರ ರೋಬಾಟ್‌ಗಳಿಗೆ ವರ್ಷಗಟ್ಟಲೆ ದುಡ್ಡು ಹಾಕಿದೆ. 2015ರಲ್ಲಿ ರಿಕೆನ್ ಎಂಬ ಸಂಶೋಧನಾ ಸಂಸ್ಥೆ 'ರೋಬೇರ್' ಅನ್ನು ತೋರಿಸಿತು. ಕರಡಿ ಮುಖ, 140 ಕೆ.ಜಿ. ತೂಕ. ರೋಗಿಯನ್ನು ಎರಡು ಕೈಯಲ್ಲಿ ಎತ್ತಿ ಗಾಲಿಕುರ್ಚಿಗೆ ಕೂರಿಸುತ್ತಿತ್ತು. ಅದರ ಫೋಟೊ ಪ್ರಪಂಚವೆಲ್ಲ ಸುತ್ತಿತು. ರೋಬಾಟ್ ಮಾತ್ರ ಪ್ರಯೋಗಾಲಯ ಬಿಟ್ಟು ಮನೆಗಳಿಗೆ ಬರಲಿಲ್ಲ.

ಬಂದ ರೋಬಾಟ್‌ಗಳ ಕಥೆಯನ್ನೂ ಕೇಳಿ. ಜೇಮ್ಸ್ ರೈಟ್ ಎಂಬ ಸಂಶೋಧಕರು ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಮೂರು ಬಗೆಯ ರೋಬಾಟ್ ಬಳಸುವುದನ್ನು ಹತ್ತಿರದಿಂದ ನೋಡಿದರು. ಜನರನ್ನು ಎತ್ತಲು ತಂದ 'ಹಗ್' ಎಂಬ ಯಂತ್ರವನ್ನು ಸಿಬ್ಬಂದಿ ಕೆಲವೇ ದಿನಗಳಲ್ಲಿ ಬಳಸುವುದು ಬಿಟ್ಟರು. ಅದನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವುದೇ ಒಂದು ಕೆಲಸವಾಗಿತ್ತು. ಅಜ್ಜ ಅಜ್ಜಿಯರ ಜೊತೆ ಎರಡು ಮಾತಾಡುವ ಹೊತ್ತು ಅದಕ್ಕೇ ಹೋಗುತ್ತಿತ್ತು. ಇನ್ನೊಂದು 'ಪಾರೋ'. ಬಿಳಿ ತುಪ್ಪಳದ ಸೀಲ್ ಮರಿಯ ಆಕಾರ, ಸವರಿದರೆ ತಲೆ ಆಡಿಸುತ್ತದೆ, ದನಿ ಮಾಡುತ್ತದೆ. 2009ರಲ್ಲಿ ಅಮೆರಿಕ ಇದನ್ನು ವೈದ್ಯಕೀಯ ಸಾಧನ ಎಂದೇ ಒಪ್ಪಿಕೊಂಡಿತು. ಮರೆವಿನ ಕಾಯಿಲೆ ಇರುವ ಕೆಲವರಿಗೆ ಅದರಿಂದ ನಿಜವಾಗಿಯೂ ಸಮಾಧಾನ ಸಿಕ್ಕಿದೆ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಆ ಆಶ್ರಮದಲ್ಲಿ ಒಬ್ಬ ಅಜ್ಜಿ ಪಾರೋ ಪಕ್ಕದಲ್ಲಿ ಇಲ್ಲದಿದ್ದರೆ ಊಟ ಬೇಡ, ನಿದ್ದೆ ಬೇಡ ಅನ್ನುವ ಮಟ್ಟಕ್ಕೆ ಹಚ್ಚಿಕೊಂಡುಬಿಟ್ಟರು. ಇನ್ನೊಬ್ಬರು ಅದರ ತುಪ್ಪಳ ಸುಲಿಯಲು ಹೋದರು. ಎರಡನ್ನೂ ಸಂಭಾಳಿಸಲು ಮತ್ತೆ ಸಿಬ್ಬಂದಿಯೇ ಬೇಕಾಯಿತು. ರೋಬಾಟ್‌ಗಳಿಂದ ಅಲ್ಲಿ ಕೆಲಸ ಉಳಿಯಲಿಲ್ಲ, ಜಾಸ್ತಿಯಾಯಿತು. ಕೊನೆಗೆ 2019ರಲ್ಲಿ ಜಪಾನ್ ಹೊಸ ಬಗೆಯ ಕೆಲಸದ ವೀಸಾ ಶುರು ಮಾಡಿದಾಗ, ಹೊರದೇಶದವರು ಬೇಕು ಎಂದ ಕೆಲಸಗಳಲ್ಲಿ ಆರೈಕೆಯೂ ಇತ್ತು.

ಯಾಕೆ ಹೀಗಾಗುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅತ್ತೆಯ ಮೈ ಒರೆಸುವಾಗ ನೀವು ಸುಮ್ನೆ ಮೈ ಒರೆಸುತ್ತಿರುವುದಿಲ್ಲ. ಸೊಂಟದ ಕೆಳಗಿನ ಮೂಳೆಯ ಮೇಲೆ, ಹಿಮ್ಮಡಿಯ ಮೇಲೆ ಚರ್ಮ ಹೇಗಿದೆ ಅಂತ ನೋಡುತ್ತೀರಿ. ಹಾಸಿಗೆ ಹುಣ್ಣು ಶುರುವಾಗುವ ಮೊದಲು ಆ ಜಾಗ ಕೆಂಪಾಗುತ್ತದೆ ಅಂತ ಪುಸ್ತಕದಲ್ಲಿ ಇರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಅಲ್ಲಿ ಮುಟ್ಟಿದರೆ ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ ಕೈಗೆ ಗೊತ್ತಾಗಬೇಕು. ಗಂಜಿ ಕುಡಿಸುವಾಗ ಅವರು ಕೆಮ್ಮಿದರೆ ನಿಲ್ಲಿಸುತ್ತೀರಿ. ಪಾರ್ಶ್ವವಾಯು ಆದ ಎಷ್ಟೋ ಜನರಿಗೆ ನುಂಗುವುದು ಕಷ್ಟ, ತುತ್ತು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ನಿನ್ನೆಗಿಂತ ಇವತ್ತು ಮಾತು ತೊದಲುತ್ತಿದೆಯಾ, ಮೂತ್ರದ ಬಣ್ಣ ಬದಲಾಗಿದೆಯಾ, ಇದೂ ನಿಮ್ಮ ಕಣ್ಣಿಗೆ ಬೀಳುತ್ತದೆ. ನಮ್ಮಂಥ ಎಂಜಿನಿಯರ್‌ಗಳು ಸ್ನಾನ, ಊಟ, ಬಟ್ಟೆ ಬದಲಿಸುವುದು ಅಂತ ಬೇರೆ ಬೇರೆ ಕೆಲಸವಾಗಿ ಬರೆದುಕೊಳ್ಳುತ್ತೇವೆ. ಒಂದೊಂದಕ್ಕೂ ಒಂದು ಯಂತ್ರ ಮಾಡಬಹುದು. ಆ ಕೆಲಸಗಳ ಜೊತೆಗೇ ನಡೆಯುವ ಈ ಗಮನ ನಮ್ಮ ಪಟ್ಟಿಯಲ್ಲಿ ಬರುವುದೇ ಇಲ್ಲ.

ಹಾಗಂತ ಎಲ್ಲವನ್ನೂ ನೀವೇ ಹೊರಬೇಕು ಅಂತ ಖಂಡಿತ ಹೇಳಲ್ಲ. ಆರೈಕೆಯಲ್ಲಿರುವ ಪ್ರೀತಿಯನ್ನು ಹೊಗಳುವವರು ಸೊಸೆಯ ಬೆನ್ನುನೋವಿನ ಬಗ್ಗೆ ಮಾತಾಡುವುದು ಕಡಿಮೆ. ಇದು ನನಗೆ ಬಹಳ ಬೇಸರದ ವಿಷಯ. ಕೆಲವು ಗಂಟೆಗೊಮ್ಮೆ ದೊಡ್ಡವರೊಬ್ಬರನ್ನು ಎಳೆದು, ಎತ್ತಿ, ಮಗ್ಗುಲು ಬದಲಿಸುವುದರಲ್ಲಿ ಪ್ರೀತಿಯ ಪರೀಕ್ಷೆ ಏನೂ ಇಲ್ಲ. ಅದು ತೂಕ. ತೂಕವನ್ನು ಯಂತ್ರ ಹೊರಲಿ.

ನಿಮ್ಮ ಮನೆಗೆ ಮಾತಾಡುವ ರೋಬಾಟ್ ಬೇಡ. ತಲೆಯ ಕಡೆ, ಕಾಲಿನ ಕಡೆ ಏರಿಸಿ ಇಳಿಸುವ ಆಸ್ಪತ್ರೆ ಮಂಚ ತನ್ನಿ. ಅದರ ಮೇಲೆ ಏರ್ ಬೆಡ್ ಹಾಕಿ. ಎರಡೂ ಬಾಡಿಗೆಗೆ ಸಿಗುತ್ತವೆ. ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಿಸುವುದನ್ನು ಮಾತ್ರ ಬಿಡಬೇಡಿ. ಮೈಕೆಳಗೆ ಹಾಕಿ ಜಾರಿಸುವ ನುಣುಪು ಬಟ್ಟೆಯ ಹಾಸು ಸಿಗುತ್ತದೆ, ಅದರಿಂದ ಎಳೆಯುವ ಶ್ರಮ ತುಂಬ ಕಡಿಮೆಯಾಗುತ್ತದೆ. ಜೋಲಿಯಲ್ಲಿ ಕೂರಿಸಿ ಎತ್ತುವ ಲಿಫ್ಟ್ ಕೂಡ ಇದೆ. ಅದನ್ನು ತರುವ ಮೊದಲು ಮಗನ ಕೈಯಲ್ಲಿ ಅಳತೆ ಮಾಡಿಸಿ. ಲಿಫ್ಟಿನ ಕಾಲುಗಳು ಮಂಚದ ಕೆಳಗೆ ತೂರಬೇಕು, ಬಚ್ಚಲಿನ ಬಾಗಿಲಲ್ಲಿ ಹಿಡಿಸಬೇಕು, ಹೊಸ್ತಿಲು ದಾಟಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಈ ಮೂರೂ ಆಗುವುದಿಲ್ಲ. ನಮ್ಮ ಹೊಸ್ತಿಲು ದಾಟುವ, ಕಡಿಮೆ ಬೆಲೆಯ ಲಿಫ್ಟ್ ಮಾಡುವ ವಿದ್ಯಾರ್ಥಿ ಸಿಕ್ಕರೆ ನಾನು ಖುಷಿಯಿಂದ ಕಲಿಸುತ್ತೇನೆ. ನಿಮ್ಮ ಮಗನಿಗೆ ಇದನ್ನು ಹೇಳಿ.

ಇನ್ನೊಂದು ಉಪಯೋಗವೂ ಇದೆ. ಪಾರ್ಶ್ವವಾಯು ಆದವರಿಗೆ ಮತ್ತೆ ನಡಿಗೆ ಕಲಿಸಲು ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಬೇಕು. ಫಿಸಿಯೊಥೆರಪಿಸ್ಟ್ ಕೈಸೋಲುತ್ತಾರೆ, ಯಂತ್ರ ಸೋಲುವುದಿಲ್ಲ. ಕೇರಳದ ಜೆನ್‌ರೋಬೋಟಿಕ್ಸ್ ಎಂಬ ಕಂಪನಿ ಇದಕ್ಕೆಂದೇ 'ಜಿ-ಗೈಟರ್' ಮಾಡಿದೆ. ಥೆರಪಿಸ್ಟ್ ಪಕ್ಕದಲ್ಲಿದ್ದು ಎಷ್ಟು, ಹೇಗೆ ಅಂತ ತೀರ್ಮಾನ ಮಾಡುತ್ತಾರೆ, ಯಂತ್ರ ಕಾಲು ಆಡಿಸುತ್ತದೆ. ಇಂಥ ಹಂಚಿಕೆ ನನಗೆ ಪೂರ್ತಿ ಒಪ್ಪಿಗೆ.

ಅದೇ ಕಂಪನಿಯ ಮೊದಲ ಯಂತ್ರದ ಬಗ್ಗೆಯೂ ಇಲ್ಲೇ ಹೇಳಬೇಕು, ವಿಷಯ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. ಅದು 'ಬ್ಯಾಂಡಿಕೂಟ್'. 2018ರಲ್ಲಿ ತಿರುವನಂತಪುರದಲ್ಲಿ ಮ್ಯಾನ್‌ಹೋಲ್ ಒಳಗೆ ಮನುಷ್ಯರ ಬದಲು ಇಳಿಯಿತು. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚಬಾರದು ಅಂತ 2013ರ ಕಾಯ್ದೆ ಇದೆ. ಆದರೂ ಜನ ಒಳಗೆ ಇಳಿದು ಸಾಯುತ್ತಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಈ ಕೆಲಸ ನಿಲ್ಲಿಸಲೆಂದೇ ಜೀವನ ಸವೆಸಿದವರು ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಾವ ಕೆಲಸವನ್ನು ಮೊದಲು ರೋಬಾಟ್‌ಗೆ ಕೊಡಬೇಕು ಅಂತ ನಿಮ್ಮ ಮಗ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅಲ್ಲಿ ಒಬ್ಬ ಮನುಷ್ಯನೂ ಇರಬಾರದು.

ಈಗ ನಿಮ್ಮ ಶಾಲೆ. ತರಗತಿಯಲ್ಲಿ ರೋಬಾಟ್ ಅಂದರೆ ಪೇಪರ್‌ನವರಿಗೆ ಇಷ್ಟ. ಬೆಂಗಳೂರಿನ ಇಂಡಸ್ ಇಂಟರ್‌ನ್ಯಾಷನಲ್ ಶಾಲೆಗೆ 2019ರಲ್ಲಿ ಪಾಠ ಹೇಳುವ ರೋಬಾಟ್‌ಗಳು ಬಂದವು. 2024ರಲ್ಲಿ ತಿರುವನಂತಪುರದ ಶಾಲೆಯೊಂದಕ್ಕೆ ಸೀರೆ ಉಟ್ಟ 'ಐರಿಸ್' ಬಂತು. ಬೆಂಗಳೂರಿನ ಶಾಲೆಯಲ್ಲಿ ಪಕ್ಕದಲ್ಲಿ ಟೀಚರ್ ಇದ್ದೇ ಇದ್ದರು. ಇವುಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಮಕ್ಕಳ ಕಲಿಕೆ ನಿಜವಾಗಿ ಏರಿದ್ದನ್ನು ಅಳೆದು ನೋಡಿದ ಒಂದು ಪ್ರಯೋಗ ಇದಕ್ಕಿಂತ ಮುಖ್ಯ.

ದಿಲ್ಲಿಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಹೊತ್ತು 'ಮೈಂಡ್‌ಸ್ಪಾರ್ಕ್' ಎಂಬ ಕಂಪ್ಯೂಟರ್ ಪಾಠ ಕೊಟ್ಟು ನೋಡಿದರು. ಸುಮಾರು ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳು ಗಣಿತದಲ್ಲಿ ಬೇರೆ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಮುಂದೆ ಹೋದರು. 2019ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ರೋಬಾಟ್ ಪರ ಇರುವವರೆಲ್ಲ ತೋರಿಸುತ್ತಾರೆ. ತೋರಿಸುವುದು ಸರಿಯೇ, ಆದರೆ ಅದರ ಇನ್ನರ್ಧವನ್ನೂ ಹೇಳಬೇಕು. ಮಕ್ಕಳು 45 ನಿಮಿಷ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಇನ್ನು 45 ನಿಮಿಷ 12ರಿಂದ 15 ಮಕ್ಕಳ ಗುಂಪಿಗೆ ಒಬ್ಬ ಮನುಷ್ಯ ಪಾಠ ಮಾಡುತ್ತಿದ್ದರು. ಫಲ ಸಿಕ್ಕಿದ್ದಕ್ಕೆ ಕಾರಣವೂ ಸರಳ. ಆರನೇ ಕ್ಲಾಸಿನ ಮಗು ಗಣಿತದಲ್ಲಿ ಮೂರನೇ, ನಾಲ್ಕನೇ ಕ್ಲಾಸಿನ ಮಟ್ಟದಲ್ಲಿದ್ದರೆ ಕಂಪ್ಯೂಟರ್ ಅಲ್ಲಿಂದಲೇ ಹೇಳಿಕೊಡುತ್ತಿತ್ತು.

ಇದನ್ನು ಓದಿದಾಗ ನಿಮಗೆ ನಲಿಕಲಿ ನೆನಪಾಗಿರಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಸರ್ಕಾರಿ ಶಾಲೆಯ ಟೀಚರ್‌ಗಳೇ ಕೂತು ಕಟ್ಟಿದ ಕಲಿಕಾ ಪದ್ಧತಿ ಅದು. ಕಲಿಕಾ ಏಣಿ, ಕಾರ್ಡುಗಳು, ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತುವುದು. ಕಂಪ್ಯೂಟರ್ ಇಲ್ಲದೆ ಅದೇ ಮಾತನ್ನು ನಮ್ಮವರು ಮಾಡಿ ತೋರಿಸಿದ್ದರು. ನಿಮ್ಮ ತರಗತಿಯ ತಟ್ಟೆಗಳನ್ನೇ, ಅಂದರೆ ಯಾರಿಗೆ ಎಷ್ಟು ಸಹಾಯ ಬೇಕು ಅನ್ನುವುದರ ಮೇಲೆ ಮಕ್ಕಳು ಕೂರುವ ಗುಂಪುಗಳನ್ನೇ ನೋಡಿ. ಸ್ವಕಲಿಕೆಯ ತಟ್ಟೆಯಲ್ಲಿ ಕೂತ ಮಗುವಿಗೆ ಒಂದು ಒಳ್ಳೆಯ ಕನ್ನಡ ಆಪ್ ಇದ್ದರೆ ಉಪಕಾರವೇ. ಸಂಪೂರ್ಣ ಶಿಕ್ಷಕರ ಬೆಂಬಲ ಬೇಕಾದ ತಟ್ಟೆಯ ಕಥೆ ಬೇರೆ. ಅಕ್ಷರ ತಪ್ಪಾದ ಮಗುವಿಗೆ ಅಕ್ಷರ ಗೊತ್ತಿಲ್ಲವೋ, ಬೆಳಿಗ್ಗೆ ಏನೂ ತಿಂದಿಲ್ಲವೋ, ಮನೆಯಲ್ಲಿ ಲಂಬಾಣಿ ಮಾತಾಡುವುದರಿಂದ ನೀವು ಹೇಳಿದ ಪದವೇ ಅರ್ಥವಾಗಿಲ್ಲವೋ ಅಂತ ನೀವು ಕಂಡುಹಿಡಿಯುತ್ತೀರಿ. ಯಾವ ಮಗು ಯಾವ ತಟ್ಟೆಗೆ ಅಂತ ತೀರ್ಮಾನಿಸುವವರು ನೀವು, ಆ ತೀರ್ಮಾನ ತಪ್ಪಾದರೆ ಅಪ್ಪ ಅಮ್ಮ ಬಂದು ಕೇಳುವುದೂ ನಿಮ್ಮನ್ನೇ.

ಸಾಧನ ಕೊಟ್ಟು ಟೀಚರ್‌ನ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಪೆರು ದೇಶ ಸಾಕ್ಷಿ. ಅಲ್ಲಿ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು. 15 ತಿಂಗಳ ನಂತರ ಅಳೆದಾಗ ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಿರಲಿಲ್ಲ.

ಶಾಲೆಯಲ್ಲಿ ಯಂತ್ರ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ಮಾಹಿತಿ ತುಂಬುವುದು, ಬಿಸಿಯೂಟದ ಲೆಕ್ಕ, ಒಂದೇ ವಿವರವನ್ನು ನಾಲ್ಕು ನಮೂನೆಯಲ್ಲಿ ಮತ್ತೆ ಮತ್ತೆ ಬರೆಯುವುದು. ಇವು ಹೋದರೆ ನಿಮಗೆ ವಾರಕ್ಕೆ ಎಷ್ಟು ಪಾಠದ ಹೊತ್ತು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ನನಗೆ ಭಯ ಇರುವುದು ಬೇರೆ ಕಡೆ. ನಮ್ಮ ರಾಜ್ಯದಲ್ಲಿ ಒಬ್ಬರೇ ಟೀಚರ್ ಇರುವ ಸಾವಿರಾರು ಶಾಲೆಗಳಿವೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸುತ್ತಿದ್ದೇವೆ. ನಾಳೆ ಯಾರಾದರೂ 'ಹುದ್ದೆ ಯಾಕೆ, ಒಂದು ಸ್ಮಾರ್ಟ್ ಪರದೆ ಇಡೋಣ' ಅಂದರೆ ಅದು ಮೊದಲು ಬರುವುದು ಫೀಸು ಕಟ್ಟುವ ಶಾಲೆಗಲ್ಲ, ನಿಮ್ಮ ಊರಿನಂಥ ಊರಿಗೆ. ಫೀಸು ಕಟ್ಟುವವರಿಗೆ ಟೀಚರ್ ಮತ್ತು ರೋಬಾಟ್ ಎರಡೂ ಇರುತ್ತವೆ. ಉಳಿದವರಿಗೆ ಪರದೆ ಮಾತ್ರ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಅಂಥ ಮಾತು ಬಂದರೆ ದಯವಿಟ್ಟು ಬಿಡದೆ ಕೇಳಿ: ಇದು ಟೀಚರ್ ಜೊತೆಗೋ, ಟೀಚರ್ ಬದಲಿಗೋ?

ಕೊನೆಗೆ ಯಜಮಾನರ ಕೆಲಸ. ಲಂಚದ ಬಗ್ಗೆ ಮಗ ಹೇಳಿದ್ದು ಇಲ್ಲಿ ತುಂಬ ಸರಿ, ಯಂತ್ರ ಅದನ್ನು ಸಾಬೀತು ಮಾಡಿಯೂ ಇದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾ ವ್ಯವಸ್ಥೆ ಶುರುವಾಯಿತು. ಕೆಂಪು ದೀಪ ದಾಟಿದರೆ, ಹೆಲ್ಮೆಟ್ ಇಲ್ಲದಿದ್ದರೆ ಗಾಡಿ ನಂಬರ್ ಹಿಡಿದು ಮೊಬೈಲ್‌ಗೆ ದಂಡದ ಮೆಸೇಜ್ ಬರುತ್ತದೆ. ಅಲ್ಲಿ ಗಾಡಿ ಅಡ್ಡ ಹಾಕುವವರಿಲ್ಲ, ರಸ್ತೆ ಬದಿಯ ಮಾತುಕತೆ ಇಲ್ಲ. ಇಂಥ ಕೆಲಸ ಇನ್ನಷ್ಟು ಯಂತ್ರಕ್ಕೆ ಹೋಗಲಿ.

ಆದರೆ ಕೆಂಪು ದೀಪ ದಾಟಿದ್ದೋ ಇಲ್ಲವೋ ಅನ್ನುವುದು ಅಳತೆಯ ಪ್ರಶ್ನೆ. ಒಬ್ಬರನ್ನು ಹಿಡಿದು ಒಳಗೆ ಹಾಕುವುದು ಹಾಗಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧದಲ್ಲಿ ಬಂಧಿಸಿದರೆ ಯಾಕೆ ಬಂಧಿಸಿದೆ ಅಂತ ಅಧಿಕಾರಿ ಬರೆಯಬೇಕು. ಬಂಧನ ಬೇಡ ಅನ್ನಿಸಿದರೆ ನೋಟಿಸ್ ಕೊಟ್ಟು ಕರೆಸಬೇಕು. ಹಾಗೆ ಬರೆದು ಸಹಿ ಹಾಕಿದ ಮನುಷ್ಯನನ್ನು ನ್ಯಾಯಾಧೀಶರು ಕರೆದು ಕೇಳಬಹುದು. ಸಹಿಯ ಜಾಗದಲ್ಲಿ ಸಾಫ್ಟ್‌ವೇರ್ ಇದ್ದರೆ ಯಾರನ್ನು ಕೇಳುವುದು? ಮಾಡಿದ ಕಂಪನಿಯನ್ನೋ, ಕೊಂಡ ಇಲಾಖೆಯನ್ನೋ?

ಅಮೆರಿಕದ ಡೆಟ್ರಾಯಿಟ್‌ನಲ್ಲಿ 2020ರ ಜನವರಿಯಲ್ಲಿ ನಡೆದದ್ದು ಇದೇ. ಮುಖ ಗುರುತಿಸುವ ಕಂಪ್ಯೂಟರ್ ಒಂದು ಕಳ್ಳತನದ ವಿಡಿಯೊವನ್ನು ರಾಬರ್ಟ್ ವಿಲಿಯಮ್ಸ್ ಎಂಬುವರ ಹಳೆಯ ಲೈಸೆನ್ಸ್ ಫೋಟೊಗೆ ತಾಳೆ ಹಾಕಿತು. ಪೊಲೀಸರು ಅವರ ಮನೆ ಮುಂದೆಯೇ, ಹೆಂಡತಿ ಮಕ್ಕಳ ಎದುರಿಗೇ ಕೈಕೋಳ ಹಾಕಿದರು. ಸುಮಾರು 30 ಗಂಟೆ ಒಳಗಿಟ್ಟರು. ಅವರು ಕಳ್ಳ ಆಗಿರಲಿಲ್ಲ. 2024ರಲ್ಲಿ ರಾಜಿ ಆದಾಗ, ಕಂಪ್ಯೂಟರ್ ತಾಳೆ ಹಾಕಿತು ಅನ್ನುವುದೊಂದೇ ಕಾರಣಕ್ಕೆ ಯಾರನ್ನೂ ಬಂಧಿಸಬಾರದು ಅಂತ ಅಲ್ಲಿನ ಪೊಲೀಸರಿಗೆ ನಿಯಮ ಬಂತು. ಯಂತ್ರ ಪಕ್ಷಪಾತ ಮಾಡಲ್ಲ ಅಂತ ಮಗ ಮುಂದೆ ಹೇಳಿದರೆ ಈ ಪ್ರಕರಣ ಓದಿಸಿ. ವಿಲಿಯಮ್ಸ್ ಕಪ್ಪು ಜನಾಂಗದವರು. ಮುಖ ಗುರುತಿಸುವ ಇಂಥ ಸಾಫ್ಟ್‌ವೇರ್‌ಗಳು ಆ ಜನಾಂಗದವರ ಮುಖಗಳಲ್ಲಿ ಹೆಚ್ಚು ಎಡವುತ್ತವೆ ಅನ್ನುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಹಾಗಾದರೆ ಪೊಲೀಸ್ ರೋಬಾಟ್ ಬೇಡವೇ ಬೇಡವಾ? ಬಾಂಬ್ ಇರಬಹುದಾದ ಚೀಲದ ಹತ್ತಿರ ಹೋಗುವ ರೋಬಾಟ್ ಪೊಲೀಸರ ಜೀವ ಉಳಿಸುತ್ತದೆ, ಅದು ಬೇಕು. ಆದರೆ 2016ರ ಜುಲೈನಲ್ಲಿ ಡಲ್ಲಾಸ್ ಪೊಲೀಸರು ಅಂಥದ್ದೇ ರೋಬಾಟ್‌ಗೆ ಸ್ಫೋಟಕ ಕಟ್ಟಿ, ಐವರು ಪೊಲೀಸರನ್ನು ಕೊಂದಿದ್ದ ವ್ಯಕ್ತಿಯನ್ನು ಸಾಯಿಸಿದರು. ಅಮೆರಿಕದ ಪೊಲೀಸರು ರೋಬಾಟ್‌ನಿಂದ ಒಬ್ಬರನ್ನು ಕೊಂದದ್ದು ಅದೇ ಮೊದಲು. ಅಲ್ಲಿ ಗುಂಡಿ ಒತ್ತಿದ್ದು ಮನುಷ್ಯನೇ. ಅದೂ ಯಂತ್ರದ್ದೇ ತೀರ್ಮಾನ ಆಗುವ ದಿನ ಬರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಸ್ತು ತಿರುಗುವ ರೋಬಾಟ್ ಸುಮ್ನೆ ಖರ್ಚು. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಟೈಮ್ಸ್ ಸ್ಕ್ವೇರ್ ಸುರಂಗ ರೈಲು ನಿಲ್ದಾಣಕ್ಕೆ ಒಂದನ್ನು ತಂದರು. ಅದನ್ನು ಕಾಯಲು ಪೊಲೀಸರೇ ಜೊತೆಗೆ ಇರಬೇಕಾಗಿತ್ತು. ಕೆಲವೇ ತಿಂಗಳಲ್ಲಿ, 2024ರ ಫೆಬ್ರುವರಿ ಹೊತ್ತಿಗೆ, ವಾಪಸ್ ತೆಗೆದರು. ರಾತ್ರಿ 112ಕ್ಕೆ ಫೋನ್ ಬಂದು ಗಂಡ ಹೆಂಡತಿ ಜಗಳಕ್ಕೆ ನಿಮ್ಮ ಯಜಮಾನರು ಹೋದಾಗ ಬಾಗಿಲ ಹಿಂದೆ ನಿಂತ ಹೆಂಗಸು ಏನೂ ಆಗಿಲ್ಲ ಸಾರ್ ಅನ್ನುತ್ತಾರೆ. ಆ ಮಾತು ನಂಬಿ ಬರಬೇಕೋ, ಇನ್ನೂ ಹತ್ತು ನಿಮಿಷ ನಿಲ್ಲಬೇಕೋ ಅನ್ನುವುದನ್ನು ಅವರ ವರ್ಷಗಳ ಅನುಭವ ಹೇಳುತ್ತದೆ.

ಹೊಡೆತ, ಲಂಚ ನಿಲ್ಲಬೇಕು ಅನ್ನುವ ಮಗನ ಸಿಟ್ಟಿಗೆ ನಾನು ಬೇರೆ ಯಂತ್ರ ತೋರಿಸುತ್ತೇನೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ದೇಶದ ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಹಾಕಬೇಕು ಅಂತ ಆದೇಶ ಕೊಟ್ಟಿತು. ಲಾಕಪ್, ಒಳಗೆ ಬರುವ ಬಾಗಿಲು, ವರಾಂಡ, ಇನ್‌ಸ್ಪೆಕ್ಟರ್ ಕೋಣೆ ಎಲ್ಲ ಕಾಣಬೇಕು. ಕತ್ತಲಲ್ಲೂ ಚಿತ್ರ ಬರಬೇಕು, ದನಿಯೂ ದಾಖಲಾಗಬೇಕು. ರೆಕಾರ್ಡಿಂಗ್ ಅನ್ನು ಒಂದು ವರ್ಷವಾದರೂ ಇಡಬೇಕು. ಠಾಣೆಯಲ್ಲಿ ಹಿಂಸೆ ಆಯಿತು ಅನ್ನುವವರು ಮಾನವ ಹಕ್ಕುಗಳ ಆಯೋಗಕ್ಕೋ ಕೋರ್ಟಿಗೋ ಹೋದಾಗ ಅದನ್ನು ತರಿಸಿ ನೋಡಬಹುದು. ಸರಿಯಾಗಿ ಕೆಲಸ ಮಾಡುವ ಪೊಲೀಸರ ಮೇಲೆ ಸುಳ್ಳು ದೂರು ಬಂದರೆ ಅವರನ್ನು ಕಾಪಾಡುವುದೂ ಅದೇ ರೆಕಾರ್ಡಿಂಗ್. ಹಾಗಾಗಿ ಇದು ನಿಮ್ಮ ಯಜಮಾನರಿಗೂ ಬೇಕಾದ ಯಂತ್ರ. ಅವರ ಠಾಣೆಯ ಕ್ಯಾಮೆರಾಗಳಲ್ಲಿ ಎಷ್ಟು ನಡೆಯುತ್ತಿವೆ, ದನಿ ದಾಖಲಾಗುತ್ತಿದೆಯಾ ಅಂತ ಅಪ್ಪ ಮಗ ಇಬ್ಬರೂ ಕೂತು ಮಾತಾಡಲಿ.